ಹಳೆಯ ಮನೆಯಲ್ಲಿ ತೇವ ಬರುವುದಿಲ್ಲವೇ?

ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ನಮ್ಮ ಮನೆಗೆ ಮೊದಲ ಸಲ ಬರುವ ಕನ್ನಡದ ಗೆಳೆಯರು ಊಟ ಮುಗಿಯುವುದರೊಳಗೆ ಒಂದು ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ: “ನೂರು ವರ್ಷ ದಾಟಿದ ಮನೆಯನ್ನು ಏಕೆ ಕೊಂಡಿರಿ? ಗೋಡೆಗೆಲ್ಲ ತೇವ ಬರುವುದಿಲ್ಲವೇ?” ಊರಿನಿಂದ ಫೋನು ಮಾಡುವ ಅತ್ತಿಗೆಯವರದೂ ಇದೇ ಆತಂಕ. ಪ್ರತಿಸಲವೂ ಅರ್ಧಂಬರ್ಧ ಹೇಳಿ ಮುಗಿಸುವುದಕ್ಕಿಂತ ಪೂರ್ತಿ ಉತ್ತರವನ್ನು ಬರೆದಿಡುವುದು ಒಳ್ಳೆಯದೆನಿಸಿತು. ಮನೆಗೆ ವಯಸ್ಸಾಯಿತೆಂದು ತೇವ ಬರುವುದಿಲ್ಲ. ಹಳೆಯ ಮನೆಯನ್ನು ಹೊಸ ಮನೆಯ ಸಾಮಗ್ರಿಯಿಂದ ರಿಪೇರಿ ಮಾಡಿದಾಗ ಬರುತ್ತದೆ.

ವಿಕ್ಟೋರಿಯಾ ರಾಣಿ ಆಳಿದ 1837ರಿಂದ 1901ರವರೆಗಿನ ಅವಧಿಯ ಮನೆಗಳಿಗೆ ಇಲ್ಲಿ ವಿಕ್ಟೋರಿಯನ್ ಮನೆಗಳೆಂದು ಹೆಸರು. ಇಟ್ಟಿಗೆಯ ಮೇಲಿನ ಸುಂಕ 1850ರಲ್ಲಿ, ಕಿಟಕಿಯ ತೆರಿಗೆ 1851ರಲ್ಲಿ ರದ್ದಾದವು. ವೇಲ್ಸ್‌ನ ಗಣಿಗಳ ಸ್ಲೇಟು ಕಲ್ಲು ರೈಲಿನಲ್ಲಿ ಊರೂರಿಗೆ ಬರತೊಡಗಿತು. ಕಾರ್ಖಾನೆಗಳು ಬೆಳೆದಂತೆ ಕೆಲಸಗಾರರಿಗಾಗಿ ಸಾಲುಸಾಲು ಮನೆಗಳು ಎದ್ದವು. ರೆಡಿಂಗ್‌ನಲ್ಲಿ ಹಂಟ್ಲಿ ಅಂಡ್ ಪಾಮರ್ಸ್ ಬಿಸ್ಕತ್ತು ಕಾರ್ಖಾನೆಯಿತ್ತು, ಕಾಲಿಯರ್ ಕುಟುಂಬದ ಇಟ್ಟಿಗೆ ಭಟ್ಟಿಗಳಿದ್ದವು. ಕೆಂಪು ಇಟ್ಟಿಗೆಯ ನಡುವೆ ಬೂದು ಇಟ್ಟಿಗೆಯನ್ನು ಸೇರಿಸಿ ಚಿತ್ತಾರ ಮಾಡಿದ ಗೋಡೆಗಳು ಈ ಊರಿನ ಹೆಮ್ಮೆ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮನ್ನು ರೂಪಿಸಿದ ಆಲ್ಫ್ರೆಡ್ ವಾಟರ್‌ಹೌಸ್ ಇಲ್ಲಿನ ಪುರಭವನವನ್ನೂ ಇದೇ ಎರಡು ಬಣ್ಣಗಳಲ್ಲಿ ಕಟ್ಟಿಸಿದರು. ಬಡಗಿಗಳೂ ಗುಮಾಸ್ತರೂ ಬದುಕಿದ ಓಣಿಗಳಿಗೂ ಪುರಭವನಕ್ಕೂ ಅದೇ ಚೆಲುವು ಹಂಚಿಕೆಯಾಗಿರುವುದು ನಾನು ಈ ಊರನ್ನು ಇಷ್ಟಪಡಲು ಮುಖ್ಯ ಕಾರಣ.

ಇನ್ನು ತೇವದ ಮಾತು. ಈಗಿನ ಮನೆಗಳಲ್ಲಿ ಹೊರಗೋಡೆಗೂ ಒಳಗೋಡೆಗೂ ನಡುವೆ ಪೊಳ್ಳು ಬಿಟ್ಟಿರುತ್ತಾರೆ. ಮಳೆ ನೀರು ಆ ಪೊಳ್ಳನ್ನು ದಾಟಿ ಒಳಗೆ ಬರುವುದಿಲ್ಲ. ನಮ್ಮದು ಒಂಬತ್ತು ಇಂಚಿನ ಗಟ್ಟಿ ಗೋಡೆ. ಒಂದು ಇಟ್ಟಿಗೆಯ ಉದ್ದ, ಪಕ್ಕದ್ದರ ತುದಿ, ಮತ್ತೆ ಉದ್ದ, ಮತ್ತೆ ತುದಿ ಎಂಬಂತೆ ಹೊರಗಿನಿಂದ ಕಂಡರೆ ಅದು ಸಾಮಾನ್ಯವಾಗಿ ಪೊಳ್ಳಿಲ್ಲದ ಗೋಡೆಯೆಂದು ತಿಳಿಯಬಹುದು. ಇಂಥ ಗೋಡೆ ಮಳೆಯನ್ನು ತಡೆಯುವುದಿಲ್ಲ. ಮೈಮೇಲೆ ಬಿದ್ದ ನೀರನ್ನು ಒಂದಿಷ್ಟು ಹೀರಿಕೊಂಡು, ಬಿಸಿಲು ಗಾಳಿ ಬಂದಾಗ ಹೊರಗೆ ಬಿಟ್ಟುಬಿಡುತ್ತದೆ. ಹಾಗೆ ಬಿಡುವ ದಾರಿ ಹೆಚ್ಚಾಗಿ ಇಟ್ಟಿಗೆಗಳ ಸಂದಿನಲ್ಲಿರುವ ಸುಣ್ಣದ ಗಾರೆ. ಅದು ಇಟ್ಟಿಗೆಗಿಂತ ಮೃದು, ಇಟ್ಟಿಗೆಗಿಂತ ಸಡಿಲ. ನೀರು ಅದರ ಮೂಲಕವೇ ಆರುತ್ತದೆ, ಸವೆದರೆ ಅದೇ ಸವೆಯುತ್ತದೆ, ಇಟ್ಟಿಗೆ ಉಳಿಯುತ್ತದೆ. ಸುಣ್ಣಕ್ಕೆ ಬೆಲ್ಲದ ನೀರು, ಅಳಲೆಕಾಯಿಯ ನೀರು ಬೆರೆಸಿ ಕಟ್ಟಿದ ನಮ್ಮ ಕಡೆಯ ಹಳೆಯ ಕಟ್ಟಡಗಳನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ನಮ್ಮ ಮನೆಯ ಹಿಂಗೋಡೆಯ ಸಂದುಗಳಿಗೆ ಹಿಂದೆ ಯಾರೋ ಸಿಮೆಂಟು ತುಂಬಿಸಿದ್ದರು. ಸಿಮೆಂಟು ಇಟ್ಟಿಗೆಗಿಂತ ಗಟ್ಟಿಯಾದ್ದರಿಂದ ನೀರಿಗೆ ಸಂದಿನ ದಾರಿ ಮುಚ್ಚಿಹೋಗಿ, ಅದು ಇಟ್ಟಿಗೆಯಲ್ಲೇ ನಿಂತು, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗಿ, ಇಟ್ಟಿಗೆಯ ಮುಖವನ್ನೇ ಒಡೆದುಹಾಕುತ್ತಿತ್ತು. ಉಳಿ ಹಿಡಿದು ಸಿಮೆಂಟನ್ನು ಬಿಡಿಸುವಾಗ ಕೆಲವೆಡೆ ಇಟ್ಟಿಗೆಯ ಮೇಲ್ಪದರ ಹಪ್ಪಳದಂತೆ ಕಳಚಿ ಕೈಗೆ ಬಂತು. ಒಳಗಿನ ಮಣ್ಣು ಬೆರಳಿಗೆ ಪುಡಿಯಾಗಿ ಅಂಟುತ್ತಿತ್ತು. ಅಂಥ ಇಟ್ಟಿಗೆಗಳನ್ನು ತೆಗೆದು, ಹಿಂದುಮುಂದು ತಿರುಗಿಸಿ, ಹಾಳಾಗದ ಮುಖ ಹೊರಗೆ ಬರುವಂತೆ ಮತ್ತೆ ಕೂರಿಸಬಹುದು. ಆಮೇಲೆ ಸಂದುಗಳನ್ನು ಚೆನ್ನಾಗಿ ನೆನೆಸಿ, ಒಂದು ಪಾಲು ಸುಣ್ಣಕ್ಕೆ ಎರಡೂವರೆ ಮೂರು ಪಾಲು ಒರಟು ಮರಳು ಸೇರಿಸಿದ ಗಾರೆಯನ್ನು ಒತ್ತಿ ತುಂಬಬೇಕು. ಕರಣೆಯನ್ನು ಮಗುಚಿ ಹಿಡಿದರೂ ಗಾರೆ ಬೀಳದಿದ್ದರೆ ಹದ ಸರಿಯಾಗಿದೆಯೆಂದು ಅರ್ಥ. ಸ್ವಲ್ಪ ಬಿಗಿದ ಮೇಲೆ ಬಿರುಸಾದ ಬ್ರಷ್ಷಿನಿಂದ ಬಡಿದು, ಒದ್ದೆ ಗೋಣಿತಾಟನ್ನು ಇಳಿಬಿಟ್ಟು ಕೆಲವು ದಿನ ನಿಧಾನವಾಗಿ ಆರಲು ಬಿಡಬೇಕು. ಹಿಮ ಬೀಳುವ ಕಾಲದಲ್ಲಿ ಈ ಕೆಲಸಕ್ಕೆ ಕೈಹಾಕಬಾರದು. ಸಿಮೆಂಟಿಗಿಂತ ಇದು ಎಷ್ಟೋ ನಿಧಾನದ ಕೆಲಸ. ಆದರೆ ಗೋಡೆಗೆ ಬೇಕಾದದ್ದು ಇದೇ.

ಒಳಗಡೆಯ ತೇವದ ಕಥೆ ಬೇರೆ. ಉಚಿತ ತಪಾಸಣೆಗೆಂದು ಬಂದ ಒಂದು ಕಂಪನಿಯವರು ಎರಡು ಮುಳ್ಳಿನ ಮೀಟರನ್ನು ಗೋಡೆಗೆ ಚುಚ್ಚಿ, ನೆಲದಿಂದ ನೀರು ಏರುತ್ತಿದೆಯೆಂದೂ, ಗೋಡೆಗೆ ರಾಸಾಯನಿಕ ಚುಚ್ಚಿ ಒಳಗೆ ಸಿಮೆಂಟಿನ ಗಿಲಾವು ಮಾಡಬೇಕೆಂದೂ ಬರೆದುಕೊಟ್ಟರು. ಆ ಮೀಟರು ಅಳೆಯುವುದು ವಿದ್ಯುತ್ತು ಹರಿಯುವ ಪ್ರಮಾಣವನ್ನು. ಮರಕ್ಕೆಂದು ಹೊಂದಿಸಿದ ಅದು ಹಳೆಯ ಇಟ್ಟಿಗೆಯಲ್ಲಿರುವ ಲವಣಕ್ಕೂ ಮೇಲೇರುತ್ತದೆ. ನಾವು ಹೊರಗೆ ಹೋಗಿ ಗೋಡೆಯ ಬುಡ ನೋಡಿದೆವು. 1875ರ ಸಾರ್ವಜನಿಕ ಆರೋಗ್ಯ ಕಾಯ್ದೆಯ ನಂತರದ ಮನೆಗಳಲ್ಲಿ ನೆಲದ ತೇವ ಮೇಲೇರದಂತೆ ಗೋಡೆಯ ಬುಡದಲ್ಲಿ ಸ್ಲೇಟಿನ ಒಂದು ಪದರ ಹಾಕುವುದು ರೂಢಿಗೆ ಬಂದಿತ್ತು. ನಮ್ಮಲ್ಲಿಯೂ ಅದಿತ್ತು, ಆದರೆ ಹಿತ್ತಲಿಗೆ ಹಾಕಿದ ಕಾಂಕ್ರೀಟು ಅದರ ಮೇಲಕ್ಕೆ ಬಂದು, ಮರದ ನೆಲದಡಿಗೆ ಗಾಳಿ ಹೋಗುವ ತೂತಿನ ಇಟ್ಟಿಗೆಗಳನ್ನೂ ಮುಚ್ಚಿತ್ತು. ಕಾಂಕ್ರೀಟು ಒಡೆಸಿದೆವು, ಸೂರಿನ ಅಂಚಿನಲ್ಲಿ ಮಳೆನೀರು ಹರಿಯುವ, ಸೋರುತ್ತಿದ್ದ ದೋಣಿಯನ್ನು ಬದಲಿಸಿದೆವು, ಕಾದೆವು. ಗೋಡೆ ಇಂಚಿಗೊಂದು ತಿಂಗಳಂತೆ ಆರುತ್ತದೆಂದು ಇಲ್ಲಿಯ ಗಾರೆಯವರು ಲೆಕ್ಕ ಹೇಳುತ್ತಾರೆ. ಆರಿತು.

ನಮ್ಮ ಅಡುಗೆಯ ಬಗ್ಗೆಯೂ ಹೇಳಬೇಕು. ಈ ಮನೆಗಳಲ್ಲಿ ಕಲ್ಲಿದ್ದಲು ಉರಿಯುತ್ತಿದ್ದಾಗ ಪ್ರತಿ ಕೋಣೆಯ ಚಿಮಣಿಯೂ ಗಾಳಿಯನ್ನು ಎಳೆದು ಹೊರಹಾಕುತ್ತಿತ್ತು. ಗ್ಯಾಸಿನ ಬಿಸಿ ವ್ಯವಸ್ಥೆ ಬಂದ ಮೇಲೆ ಹಲವರು ಅವನ್ನು ಮುಚ್ಚಿಸಿದರು. ಅಂಥಲ್ಲಿ ದಿನವೂ ಅನ್ನ, ಸಾರು, ಇಡ್ಲಿ ಬೇಯಿಸಿ, ಒದ್ದೆ ಬಟ್ಟೆಯನ್ನೂ ಒಳಗೇ ಹರವಿದರೆ ಮೂಲೆಯಲ್ಲಿ ಬೂಷ್ಟು ಬರದೆ ಇನ್ನೇನಾದೀತು? ಮುಚ್ಚಿದ ಅಗ್ಗಿಷ್ಟಿಕೆಗೆ ಒಂದು ಜಾಲರಿ ಇಡಿಸಿ. ಅಡುಗೆಮನೆಗೆ ಆವಿಯನ್ನು ನಿಜಕ್ಕೂ ಹೊರಕ್ಕೇ ತಳ್ಳುವ ಫ್ಯಾನು ಹಾಕಿಸಿ.

ಚಳಿ ಇರುವುದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಅಟ್ಟಕ್ಕೆ ದಪ್ಪ ಉಣ್ಣೆಯ ಹೊದಿಕೆ, ಕಿಟಕಿಗೆ ದಪ್ಪ ಪರದೆ, ಒಳಬದಿಗೆ ಇನ್ನೊಂದು ಗಾಜು, ಇವುಗಳಿಂದ ಬಹಳಷ್ಟು ಕಡಿಮೆಯಾಗುತ್ತದೆ. ಮೇಲಕ್ಕೂ ಕೆಳಕ್ಕೂ ಜಾರುವ ಹಳೆಯ ಕಿಟಕಿಗಳನ್ನು ಕಿತ್ತು ಪ್ಲಾಸ್ಟಿಕ್ಕಿನವನ್ನು ಹಾಕಿಸುವುದಕ್ಕೆ ಮಾತ್ರ ನನ್ನ ವಿರೋಧವಿದೆ. ಚೌಕಟ್ಟಿನೊಳಗೆ ಹಗ್ಗಕ್ಕೆ ತೂಗುಬಿಟ್ಟ ಬೀಡುಕಬ್ಬಿಣದ ಗುಂಡುಗಳು ಕಿಟಕಿಯ ಭಾರಕ್ಕೆ ಸಮನಾಗಿರುವುದರಿಂದ ಒಂದೇ ಕೈಯಲ್ಲಿ ಅದನ್ನು ಎತ್ತಬಹುದು. ಹಗ್ಗ ಹರಿದರೆ ಹಗ್ಗ, ಕೆಳಗಿನ ಪಟ್ಟಿ ಕೊಳೆತರೆ ಅಷ್ಟೇ ಮರ ಬದಲಿಸಿದರಾಯಿತು. ಹಳೆಯ ಬಣ್ಣವನ್ನು ಉಜ್ಜುವ ಮುನ್ನ ಸೀಸದ ಪರೀಕ್ಷೆ ಮಾಡಿಸಿ, ಮನೆಯಲ್ಲಿ ಮಕ್ಕಳಿದ್ದರಂತೂ ತಪ್ಪದೇ.

1877ರಲ್ಲಿ ಕವಿಯೂ ವಿನ್ಯಾಸಕಾರರೂ ಆದ ವಿಲಿಯಂ ಮಾರಿಸ್ ಮತ್ತು ವಾಸ್ತುಶಿಲ್ಪಿ ಫಿಲಿಪ್ ವೆಬ್ ಹಳೆಯ ಕಟ್ಟಡಗಳ ರಕ್ಷಣೆಗೆ ಒಂದು ಸಂಘ ಕಟ್ಟಿದರು. ಕೆರೆದು ಹೊಸದಾಗಿಸುವುದು ಬೇಡ, ಆಗಾಗ ದುರಸ್ತಿ ಮಾಡುತ್ತಿದ್ದರೆ ಸಾಕು ಎಂಬುದು ಅವರ ನಿಲುವು. ನಾವು ನಡೆದುಕೊಂಡಿರುವುದೂ ಹಾಗೆಯೇ. ವರ್ಷಕ್ಕೊಮ್ಮೆ ಏಣಿ ಹಾಕಿ ದೋಣಿಯ ಎಲೆ ತೆಗೆಯಲು ಬೇಸರಪಡುವವರು ಹೊಸ ಮನೆಯನ್ನೇ ಕೊಳ್ಳಲಿ. ಹಳೆಯದನ್ನು ಕೊಳ್ಳುವವರು, ಚಿಕಿತ್ಸೆಯನ್ನೂ ತಾವೇ ಮಾರುವ ಕಂಪನಿಯಿಂದ ತಪಾಸಣೆ ಮಾಡಿಸದೆ, ಹಳೆಯ ಕಟ್ಟಡಗಳನ್ನು ಬಲ್ಲ ಸರ್ವೇಯರಿಗೆ ಶುಲ್ಕ ಕೊಟ್ಟು ವರದಿ ಬರೆಸಿಕೊಳ್ಳಿ. ಮನೆ ನೋಡಲು ಆದಷ್ಟು ಜೋರು ಮಳೆಯ ದಿನವೇ ಹೋಗಿ, ಒಳಗೆ ಕಾಲಿಡುವ ಮುನ್ನ ಹಿತ್ತಲಲ್ಲಿ ನಿಂತು ಸೂರಿನ ನೀರು ಎಲ್ಲಿ ಬೀಳುತ್ತಿದೆಯೆಂದು ನೋಡಿ.