ಸೇತುವೆ, ಮತ್ತೆ

ಗುರುವಾರ, 14 ನವೆಂಬರ್ 2024

ನಾವು ಮಾಡುತ್ತಿರುವ ವೀಡಿಯೊ ಗೇಮ್ ಅನ್ನು ಆಡಿ ಪರೀಕ್ಷಿಸುವ ನಮ್ಮ ಹಿರಿಯ ಟೆಸ್ಟರ್ ಬರೆಯುವ ಬಗ್ (ದೋಷ) ವರದಿಗಳನ್ನು ನಾನು ಕಥೆಯಂತೆ ಓದುತ್ತಿದ್ದ ಕಾಲವೊಂದಿತ್ತು. ಅವರು ಎಂಥವರೆಂದರೆ, ಬಾಗಿಲು ತೆರೆದಿದ್ದರೂ ಗೋಡೆಯೊಳಗೆ ನುಗ್ಗಿ ನೋಡುವವರು, ಖಳನ ಎದುರು ಅರ್ಧ ಗಂಟೆ ಸುಮ್ಮನೆ ನಿಂತು ಅವನಿಗೆ ಬೇಸರ ಬರುತ್ತದೆಯೇ ಎಂದು ಪರೀಕ್ಷಿಸುವವರು. ಬೇಸಿಗೆಯಲ್ಲಿ ಅವರು ಬರೆದದ್ದೊಂದು ಹೀಗಿತ್ತು: "ನಾಯಕಿ ಸೇತುವೆಯ ಮೇಲೆ ಓಡುತ್ತಾ ಮೂರನೆಯ ಹಲಗೆಯ ಬಳಿ ಜಿಗಿದರೆ ಎಡಗಾಲು ಮರದೊಳಗೆ ಹೂತುಹೋಗುತ್ತದೆ. ಮಳೆ ಸುರಿಯುತ್ತಿದ್ದರೆ ಮಾತ್ರ. ಬಿಸಿಲಿನಲ್ಲಿ ಆಕೆ ಕ್ಷೇಮ." ಇಂದು ಮಧ್ಯಾಹ್ನ ಅದೇ ಸೇತುವೆಯ ಬಗ್ಗೆ ವರದಿ ಬಂತು. ಎರಡೇ ಪದ: "ಸೇತುವೆ. ಮತ್ತೆ."

ಬಗ್‌ಗಿಂತ ಆ ಎರಡು ಪದಗಳೇ ನನ್ನನ್ನು ಕಾಡಿದವು. ಹಳೆಯ ವರದಿಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಒಂದೇ ದಿನದಲ್ಲಿ ಆದದ್ದಲ್ಲ. ಮೊದಲು ತಮಾಷೆ ಹೋಗಿದೆ, ಆಮೇಲೆ ಮಳೆ-ಬಿಸಿಲಿನಂಥ ವಿವರ, ಕೊನೆಗೆ ಕ್ರಿಯಾಪದವೂ ಹೋಗಿದೆ. ಯಾವ ಬಟನ್ ಒತ್ತಿದಾಗ ಹಾಗಾಯಿತು ಎಂಬುದು ಕೂಡ ಇಲ್ಲ. ಅದಿಲ್ಲದ ವರದಿಯನ್ನು ಇವರೇ ಒಂದು ಕಾಲದಲ್ಲಿ ಹೊಸಬರಿಗೆ ವಾಪಸು ಎಸೆಯುತ್ತಿದ್ದರು.

ಎದ್ದು ಅವರ ಮೇಜಿನ ಬಳಿಗೆ ಹೋದೆ. ಪರದೆಯ ಮೇಲೆ ನಾಯಕಿ ಸೇತುವೆಯ ತುದಿಯಲ್ಲಿ ನಿಂತಿದ್ದಳು.

"ಸರ್, ಆರಾಮವಿದ್ದೀರಾ?"

"ಆರಾಮ ಮೇಡಂ. ನಿದ್ದೆಯೂ ಬರುತ್ತಿದೆ. ಅದಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದರು. "ನನಗೆ ಆಟಗಾರರ ಮೇಲೆ ಸಿಟ್ಟು ಬರುತ್ತಿದೆ."

"ಯಾವ ಆಟಗಾರರು? ಆಟ ಇನ್ನೂ ಬಿಡುಗಡೆಯೇ ಆಗಿಲ್ಲ."

"ಅದೇ ನೋಡಿ. ಒಬ್ಬನೇ ಒಬ್ಬ ಆಟಗಾರನೂ ಇಲ್ಲ. ಆದರೂ ಮುಂದೆ ಈ ಸೇತುವೆಯ ಮೇಲೆ ಜಿಗಿಯುವವರೆಲ್ಲರ ಮೇಲೂ ಈಗಲೇ ಸಿಟ್ಟು. ಸುಮ್ಮನೆ ನಡೆದುಕೊಂಡು ಹೋಗಬಾರದೇ ಇವರು?"

ಇಬ್ಬರೂ ನಕ್ಕೆವು. ಪಕ್ಕದ ಮೇಜಿನವರೂ ನಕ್ಕರು. ನನ್ನ ಜಾಗಕ್ಕೆ ಬಂದು ಕುಳಿತ ಮೇಲೆ ಆ ನಗು ಸರಿಬರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಎಂದರೇನು ಎಂಬುದನ್ನು ಬಿಡಿಸಿ ಹೇಳಿತು. ಕಾಯಿಲೆ ಎಂದಲ್ಲ, ಕೆಲಸದಿಂದ ಹುಟ್ಟುವ ಸ್ಥಿತಿ ಎಂದು. ಬಹುಕಾಲದ ಒತ್ತಡವನ್ನು ಸರಿಯಾಗಿ ನಿಭಾಯಿಸದಿದ್ದರೆ ಹೀಗಾಗುತ್ತದೆ ಎಂದು. ಅದಕ್ಕೆ ಮೂರು ಮುಖ: ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರವಾಗಿ ಅದರ ಬಗ್ಗೆ ಸಿನಿಕತನ ಬೆಳೆಯುವುದು, ಕೆಲಸದಲ್ಲಿನ ಸಾಮರ್ಥ್ಯ ಕುಗ್ಗುವುದು. ನಮ್ಮ ಕಸುಬಿನಲ್ಲಿ ಎಲ್ಲರ ಕಣ್ಣೂ ಮೊದಲನೆಯದರ ಮೇಲೆಯೇ. ಕಣ್ಣು ಕೆಂಪಾಗಿದ್ದರೆ ಗೊತ್ತಾಗುತ್ತದೆ, ಮೇಜಿನ ಮೇಲೆ ತಲೆಯಿಟ್ಟರೆ ಗೊತ್ತಾಗುತ್ತದೆ. ಎರಡನೆಯದು ವೇಷ ಹಾಕಿಕೊಂಡು ಬರುತ್ತದೆ. ಆಟಗಾರರನ್ನು ಹಳಿದರೆ, ನಮ್ಮ ಆಟವನ್ನು ನಾವೇ ಕಸ ಎಂದರೆ ಎಲ್ಲರೂ ನಗುತ್ತಾರೆ. ಹೇಳಿದವನು ಚತುರ ಎನಿಸಿಕೊಳ್ಳುತ್ತಾನೆ. ಮೂರನೆಯದಂತೂ ಇಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದೇ ಹಂತವನ್ನು ಮತ್ತೆ ಮತ್ತೆ ಆಡಿದವರಿಗೆ ಅದು ಚೆನ್ನಾಗಿದೆಯೋ ಇಲ್ಲವೋ ಎಂಬುದು ತಿಳಿಯದೇ ಹೋಗುವುದು ನಮ್ಮಲ್ಲಿ ಮಾಮೂಲು. ಹಾಗಾಗಿ ಒಬ್ಬನು ತನ್ನ ತೀರ್ಮಾನದ ಮೇಲೆ ನಂಬಿಕೆ ಕಳೆದುಕೊಂಡರೂ "ಎಲ್ಲರಿಗೂ ಹಾಗೆಯೇ" ಎಂದು ಬೆನ್ನು ತಟ್ಟಿ ಮುಂದೆ ಹೋಗುತ್ತೇವೆ.

ಇದನ್ನು ಯೋಚಿಸುತ್ತಿರುವಾಗಲೇ ಆಡಳಿತ ವಿಭಾಗದ ಇಮೇಲ್ ಬಂತು. ನಾಳೆ ಸಂಜೆ ಕೆಲಸ ಮುಗಿದ ಮೇಲೆ ಉಸಿರಾಟದ ಅಭ್ಯಾಸ, ಒತ್ತಡ ನಿವಾರಣೆಗಾಗಿ. ಹಾಜರಾತಿ ಕಡ್ಡಾಯ.

ಕಡ್ಡಾಯ!

ಉಸಿರಾಟದ ಮೇಲೆ ನನಗೆ ದ್ವೇಷವಿಲ್ಲ. ಆದರೆ ಬರ್ನ್‌ಔಟ್ ಬಗ್ಗೆ ದಶಕಗಳ ಕಾಲ ಸಂಶೋಧನೆ ಮಾಡಿದ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಮೈಕೆಲ್ ಲೈಟರ್ ಕೆಲಸದ ಜಾಗದಲ್ಲಿ ನೋಡಬೇಕಾದ ಆರು ಸಂಗತಿಗಳನ್ನು ಗುರುತಿಸಿದ್ದಾರೆ: ಕೆಲಸದ ಹೊರೆ, ಕೆಲಸದ ಮೇಲೆ ನಮಗಿರುವ ಹಿಡಿತ, ಪ್ರತಿಫಲ, ಜೊತೆಗಾರರ ಒಡನಾಟ, ನ್ಯಾಯ, ಮೌಲ್ಯಗಳು. ಆರರಲ್ಲಿ ಒಂದೂ ನಮ್ಮ ಮೂಗಿನೊಳಗಿಲ್ಲ. ಎಲ್ಲವೂ ಕಚೇರಿಯಲ್ಲಿವೆ, ಯೋಜನೆಯ ವೇಳಾಪಟ್ಟಿಯಲ್ಲಿವೆ.

ಈ ತಿಂಗಳಿಗೆ ಇಪ್ಪತ್ತು ವರ್ಷವಾಯಿತು. 2004ರ ನವೆಂಬರ್‌ನಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಎಂಬ ಗೇಮ್ ಕಂಪನಿಯ ಉದ್ಯೋಗಿಯೊಬ್ಬನನ್ನು ಮದುವೆಯಾಗಲಿದ್ದ ಮಹಿಳೆ ಅವನ ದುಡಿಮೆಯ ಬಗ್ಗೆ ಹೆಸರು ಹೇಳದೆ ಅಂತರ್ಜಾಲದಲ್ಲಿ ಒಂದು ಬರಹ ಹಾಕಿದಳು. ಮೊದಲು ದಿನಕ್ಕೆ ಎಂಟು ಗಂಟೆ, ವಾರಕ್ಕೆ ಆರು ದಿನ. ಆಮೇಲೆ ಹನ್ನೆರಡು ಗಂಟೆ. ಆಮೇಲೆ ವಾರದ ಏಳೂ ದಿನ. ಹೆಚ್ಚುವರಿ ದುಡಿಮೆಯ ಸಂಬಳಕ್ಕಾಗಿ ಹೂಡಿದ್ದ ಮೊಕದ್ದಮೆಗಳು ರಾಜಿಯಲ್ಲಿ ಮುಗಿದು ಕಲಾವಿದರಿಗೆ 1.56 ಕೋಟಿ ಡಾಲರ್, ಪ್ರೋಗ್ರಾಮರುಗಳಿಗೆ 1.49 ಕೋಟಿ ಡಾಲರ್ ಸಿಕ್ಕಿತು. ಬರೆದವಳು ಎರಿನ್ ಹಾಫ್‌ಮನ್ ಎಂದು ಆಮೇಲೆ ತಿಳಿಯಿತು. ಆಕೆಯೂ ಆಟಗಳ ವಿನ್ಯಾಸಕಿಯೇ. ಇಂದು ಆ ಕಥೆ ಓದಿದರೆ ಅಂಕಿಗಳು ಹಳೆಯವು ಅನಿಸುವುದಿಲ್ಲ. ಹಳೆಯದು ಅನಿಸುವುದು ಒಂದೇ: ಆಗ ಕ್ರಂಚ್‌ಗೆ, ಅಂದರೆ ಬಿಡುಗಡೆಗೆ ಮುಂಚಿನ ಈ ಅತಿ ದುಡಿಮೆಗೆ, ಒಂದು ಕೊನೆ ಇತ್ತು. ಡಿಸ್ಕ್ ಅಚ್ಚಿಗೆ ಹೋದ ದಿನ ಕೆಲಸ ಮುಗಿಯುತ್ತಿತ್ತು, ತಪ್ಪಿದ್ದರೆ ತಪ್ಪೇ. ಈಗ ಬಿಡುಗಡೆಯ ದಿನವೇ ತಪ್ಪು ತಿದ್ದುವ ಪ್ಯಾಚ್, ಅದಾದ ಮೇಲೆ ಆಟಕ್ಕೆ ಹೊಸದನ್ನು ಸೇರಿಸುವ ಮೊದಲ ಸೀಸನ್, ಆಮೇಲೆ ಎರಡನೆಯದು.

ಸಂಜೆ ಟೆಸ್ಟರ್ ತಾವಾಗಿಯೇ ಬಂದರು. ಬಹುಶಃ ಮಧ್ಯಾಹ್ನ ಹೇಳಿದ್ದರ ಬಗ್ಗೆ ಮುಜುಗರವಾಗಿತ್ತು. ನಾನು ಅವರು ಬಾಯಿ ತೆರೆಯುವ ಮೊದಲೇ ಒಂದು ವಾರ ರಜೆ ತೆಗೆದುಕೊಳ್ಳಿ ಎಂದೆ.

"ರಜೆ ಬೇಡ ಮೇಡಂ. ವಾಪಸು ಬರುವಷ್ಟರಲ್ಲಿ ಪಟ್ಟಿ ಇನ್ನೂ ಉದ್ದವಾಗಿರುತ್ತದೆ."

"ಹಾಗಾದರೆ ಬಿಡುಗಡೆಯ ದಿನಾಂಕ ಮುಂದಕ್ಕೆ ಹಾಕುವಂತೆ ಕೇಳಲೇ?"

ಅವರು ಕುರ್ಚಿ ಎಳೆದುಕೊಂಡು ಕುಳಿತರು. "ಸೈಬರ್‌ಪಂಕ್ 2077 ಆಟ ನೆನಪಿದೆಯೇ? 2020ರಲ್ಲಿ ಅದರ ಬಿಡುಗಡೆಯನ್ನು ಮೂರು ಸಲ ಮುಂದಕ್ಕೆ ಹಾಕಿದರು. ಕಡ್ಡಾಯ ಕ್ರಂಚ್ ಇರುವುದಿಲ್ಲ ಎಂದು ಹಿಂದಿನ ವರ್ಷವೇ ಮಾತು ಕೊಟ್ಟಿದ್ದರು. ಕೊನೆಗೆ ವಾರಕ್ಕೆ ಆರು ದಿನ ದುಡಿಸಿದರು. ದಿನಾಂಕ ಮಾತ್ರ ಮುಂದೆ ಹೋದರೆ ಕ್ರಂಚ್ ಕೂಡ ಅದರ ಹಿಂದೆಯೇ ಹೋಗುತ್ತದೆ. ಆಟ ಚಿಕ್ಕದಾಗಲಿ."

ಆಟ ಚಿಕ್ಕದಾಗಲಿ. ಇದನ್ನು ಹೇಳಬೇಕಾದವಳು ವಿನ್ಯಾಸಕಿಯಾದ ನಾನು. ಪ್ರತಿ ಸಭೆಯಲ್ಲೂ ಒಂದು ಹೊಸ ಆಸೆ ಹುಟ್ಟುತ್ತದೆ. ಆ ಆಸೆಯ ಖರ್ಚು ಯಾರದೋ ರಾತ್ರಿಯ ಲೆಕ್ಕಕ್ಕೆ ಬೀಳುತ್ತದೆ. ರಾತ್ರಿ ಮಾಡಿದ ಕೆಲಸದಿಂದ ಏನು ಸಿಗುತ್ತದೆ ಎಂಬುದಕ್ಕೂ ಲೆಕ್ಕವಿದೆ. ಅರ್ಥಶಾಸ್ತ್ರಜ್ಞ ಜಾನ್ ಪೆನ್‌ಕವೆಲ್ ಮೊದಲ ಮಹಾಯುದ್ಧದ ಕಾಲದ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳ ಹಳೆಯ ದಾಖಲೆಗಳನ್ನು ತೆಗೆದು ನೋಡಿದರು. ವಾರಕ್ಕೆ 70 ಗಂಟೆ ದುಡಿದಾಗ ಆದ ಉತ್ಪಾದನೆ 56 ಗಂಟೆ ದುಡಿದಾಗ ಆದದ್ದಕ್ಕಿಂತ ಹೆಚ್ಚೇನೂ ಇರಲಿಲ್ಲ. ಅದೂ ಎಣಿಸಿ ಪಕ್ಕಕ್ಕೆ ಇಡಬಹುದಾದ ವಸ್ತು. ನಮ್ಮಲ್ಲಿ ರಾತ್ರಿ ಹನ್ನೊಂದಕ್ಕೆ ನಿದ್ದೆಗಣ್ಣಿನಲ್ಲಿ ಬರೆದ ಕೋಡ್ ಬೆಳಿಗ್ಗೆ ಎಲ್ಲರ ಕೆಲಸ ಕೂಡಿಸಿ ಕಟ್ಟಿದ ಬಿಲ್ಡನ್ನು ಮುರಿಯುತ್ತದೆ, ಹತ್ತು ಜನರ ಕೈ ಕಟ್ಟುತ್ತದೆ.

ಇಬ್ಬರೂ ಸೇರಿ ಮೂರು ಸಣ್ಣ ತೀರ್ಮಾನ ಮಾಡಿದೆವು. ಸೇತುವೆಯ ಹಂತ ನಾಳೆಯಿಂದ ಬೇರೆ ಟೆಸ್ಟರ್‌ಗೆ, ಇವರಿಗೆ ಇನ್ನೂ ನೋಡದ ಗುಹೆಗಳು. ರಾತ್ರಿ ಏಳರ ಮೇಲೆ ನಾನು ಅವರಿಗೆ ಯಾವ ಕಾರಣಕ್ಕೂ ಸಂದೇಶ ಕಳುಹಿಸುವುದಿಲ್ಲ. ಮೂರನೆಯದು, ಕತ್ತರಿ ಹಾಕಬಹುದಾದವುಗಳ ಪಟ್ಟಿ. ಅವರು ಹೋದ ಮೇಲೆ ಅದನ್ನೇ ಬರೆಯುತ್ತಾ ಕುಳಿತೆ.

ಮೇಲಿನ ಸಾಲಿನಲ್ಲಿ ಸರೋವರದ ದೋಣಿ ಪ್ರಯಾಣ. ಅದಕ್ಕೇ ಬೇರೆ ಕ್ಯಾಮೆರಾ, ನೀರಿಗೆ ಬೇರೆ ಭೌತಶಾಸ್ತ್ರ, ದೋಣಿಯಲ್ಲಿದ್ದಾಗ ಆಟ ಸೇವ್ ಮಾಡಿದರೆ ನಾಯಕಿ ನೀರಿನ ತಳದಲ್ಲಿ ಎಚ್ಚರಗೊಳ್ಳುವ ಬಗ್. ಕಥೆಗೆ ಅದು ಬೇಕಾಗಿಯೇ ಇಲ್ಲ. ತೆಗೆದರೆ ಟೆಸ್ಟಿಂಗ್‌ನವರಿಗೆ, ಅನಿಮೇಷನ್‌ನವರಿಗೆ, ನನಗೆ, ಎಲ್ಲರಿಗೂ ಉಸಿರಾಡಲು ಜಾಗ. ಇಷ್ಟು ಸುಲಭವಾಗಿದ್ದರೆ ಚೆನ್ನಾಗಿತ್ತು. ದಡದ ಜೊಂಡು ಹುಲ್ಲನ್ನು ನಮ್ಮ ಕಲಾವಿದೆ ಎಷ್ಟು ಪ್ರೀತಿಯಿಂದ ಮಾಡಿದ್ದಾಳೆ ಎಂದರೆ, ಗಾಳಿ ಬೀಸಿದರೆ ಒಂದೊಂದು ಎಸಳೂ ಬೇರೆ ಬೇರೆ ಹೊತ್ತಿಗೆ ಬಾಗುತ್ತದೆ. ತಿಂಗಳುಗಟ್ಟಲೆ ಮಾಡಿದ್ದನ್ನು ಕಸಕ್ಕೆ ಹಾಕುವುದೂ ಒಬ್ಬರನ್ನು ಸುಡುತ್ತದೆ. ಮಾಸ್ಲಾಕ್ ಮತ್ತು ಲೈಟರ್ ಹೇಳಿದ ಆ ಆರರಲ್ಲಿ ಪ್ರತಿಫಲವೂ ಇದೆ, ನ್ಯಾಯವೂ ಇದೆ. ಟೆಸ್ಟರ್ ಅವರ ಹೊರೆ ಇಳಿಸಲು ಹೋಗಿ ಅದನ್ನು ಅವಳ ಮೇಲೆ ಹೇರಿದಂತೆ.

ನಾಳೆಯ ಸಭೆಗೆ ಮೊದಲೇ ಅವಳನ್ನು ಕಂಡು ಹೇಳಬೇಕೇ? ನಿರ್ಮಾಪಕರು ಒಪ್ಪದಿದ್ದರೆ ಸುಮ್ಮನೆ ನೋಯಿಸಿದಂತಾಗುತ್ತದೆ. ಒಪ್ಪಿದ ಮೇಲೆ ಹೇಳಿದರೆ ಬೆನ್ನ ಹಿಂದೆ ಮಾಡಿದಂತಾಗುತ್ತದೆ. ಜೊಂಡನ್ನು ಗುಹೆಯ ಬಾಯಿಗೆ ಸಾಗಿಸಬಹುದೇನೋ, ಅಲ್ಲಿ ಗಾಳಿ ಬೀಸುವ ದಿಕ್ಕು ಬೇರೆ, ನೆರಳೂ ಹೆಚ್ಚು. ಅದರಿಂದ ಎಷ್ಟು ಹೊಸ ಬಗ್ ಹುಟ್ಟುತ್ತವೆ ಎಂದು ಟೆಸ್ಟರನ್ನೇ ಕೇಳೋಣ ಎಂದುಕೊಂಡು ಫೋನ್ ತೆಗೆದೆ. ಗಂಟೆ ಎಂಟೂವರೆ. ಮಾತು ಕೊಟ್ಟಿದ್ದೇನಲ್ಲ