ಹಕ್ಕಿ ತಿಂದ್ರ ಸಾಲ ಮನ್ನಾ ಆಕ್ಕೈತೇನ್ರಿ?

ಆ ಮನುಷ್ಯ ದುರ್ಬೀನು ತಿರುಗಿಸಿದ್ದು ಕೆರೆಯ ಕಡೆಗಲ್ಲ.

ಕೆರೆ ತುಂಬ ಬಾತುಗಳಿದ್ದವು. ಬಿಸಿಲು ಆಗ ತಾನೇ ನೀರಿಗೆ ಬಿದ್ದಿತ್ತು. ನಾನು ದೊಡ್ಡ ಉಪಕಾರ ಮಾಡುವವನ ಹಾಗೆ ಕೊರಳಿನಿಂದ ದುರ್ಬೀನು ತೆಗೆದು, "ನೋಡಿ ಯಜಮಾನ್ರೇ" ಎಂದು ಕೊಟ್ಟೆ. ಹೇಗೆ ಹಿಡಿಯಬೇಕು, ಯಾವ ಚಕ್ರ ತಿರುಗಿಸಬೇಕು ಎಂದು ಪಾಠವನ್ನೂ ಮಾಡಿದೆ. ಅವರು ಕಣ್ಣಿಗೆ ಹಚ್ಚಿಕೊಂಡರು. ಕೆರೆ ನೋಡಿದರೋ ಇಲ್ಲವೋ, ಹಾಗೇ ಸೊಂಟ ತಿರುಗಿಸಿ ಬೆನ್ನ ಹಿಂದಿನ ಹೊಲಕ್ಕೆ ಮುಖ ಮಾಡಿ ನಿಂತರು. ಬಹಳ ಹೊತ್ತು ನೋಡಿದರು. ಆಮೇಲೆ ದುರ್ಬೀನು ವಾಪಸ್ ಕೊಟ್ಟು, "ಚಲೋ ಕಾಣತೈತ್ರಿ. ನಿನ್ನಿ ರಾತ್ರಿ ಆ ಮೂಲಿ ಪೂರಾ ಬೋಳ ಮಾಡ್ಯಾವ" ಎಂದರು.

ಭಾನುವಾರ ಆಗಿದ್ದು ಇದು. ಇವತ್ತು ಶುಕ್ರವಾರ. ಆ ಸೊಂಟ ತಿರುಗಿದ್ದು ಇನ್ನೂ ನನ್ನ ಕಣ್ಣ ಮುಂದೆಯೇ ಇದೆ.

ಶುರುವಾಗಿದ್ದು ಒಂದು ಪಟ್ಟಿಯಿಂದ. ನಮ್ಮ ಶಾಖೆಗೆ ಹೊಸದಾಗಿ ಬಂದ ಹುಡುಗಿ, ಹಕ್ಕಿಯ ಹುಚ್ಚು ಈಗಷ್ಟೇ ಹತ್ತಿದೆ. "ಸರ್, ಕರ್ನಾಟಕದಲ್ಲಿ ಹಕ್ಕಿ ನೋಡೋಕೆ ಒಳ್ಳೆ ಜಾಗಗಳ ಒಂದು ಲಿಸ್ಟ್ ಮಾಡಿ ಕೊಡಿ" ಎಂದಳು. ಇಂಥ ಮಾತಿಗೆ ನಾನು ಬಹಳ ಬೇಗ ಉಬ್ಬುತ್ತೇನೆ. ಬ್ಯಾಂಕಿನವರಿಗೆ ಮೂರು ವರ್ಷಕ್ಕೊಮ್ಮೆ ವರ್ಗಾವಣೆ. ಹೆಂಡತಿಗೆ ಅದು ಗಂಟು ಮೂಟೆ ಕಟ್ಟುವ ಶಿಕ್ಷೆ, ಮಕ್ಕಳಿಗೆ ಸ್ಕೂಲು ಬದಲಾಯಿಸುವ ಶಿಕ್ಷೆ. ನನಗೆ ಮಾತ್ರ ಹೊಸ ಹಕ್ಕಿ. ಸೊರಬದಲ್ಲಿದ್ದಾಗ ಗುಡವಿ, ಮದ್ದೂರಿನಲ್ಲಿದ್ದಾಗ ಕೊಕ್ಕರೆ ಬೆಳ್ಳೂರು, ಹೊಸಪೇಟೆಯಲ್ಲಿದ್ದಾಗ ದರೋಜಿ, ಕುಮಟಾದಲ್ಲಿದ್ದಾಗ ಅಘನಾಶಿನಿ. ಒಂದೇ ರಾತ್ರಿಯಲ್ಲಿ ಹನ್ನೆರಡು ಜಾಗದ ಪಟ್ಟಿ ಮಾಡಿದೆ. ಯಾವ ತಿಂಗಳು, ಎಷ್ಟು ಗಂಟೆಗೆ, ಯಾವ ಹಕ್ಕಿ, ಎಲ್ಲ ಬರೆದೆ. ಹೆಂಡತಿ ಇಣುಕಿ ನೋಡಿ, "ತಿಂಡಿ ಎಲ್ಲಿ ಸಿಗುತ್ತೆ ಅಂತ ಬರೆದಿದ್ದೀರಾ?" ಎಂದಳು. ಬರೆದಿರಲಿಲ್ಲ.

ಪಟ್ಟಿಯಲ್ಲಿ ನಮಗೆ ಹತ್ತಿರದ್ದು ಮಾಗಡಿ. ಕೆಂಪೇಗೌಡರ ಮಾಗಡಿ ಅಲ್ಲ, ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ. ಲಕ್ಷ್ಮೇಶ್ವರದ ದಾರಿಯಲ್ಲಿ ಸಿಗುತ್ತದೆ. ನೋಡಿದರೆ ಬಯಲುಸೀಮೆಯ ಒಂದು ಸಾದಾ ಕೆರೆ. ಸುತ್ತ ಎರೆ ಹೊಲ, ದೂರದಲ್ಲಿ ಗಾಳಿಕಂಬ. ಆದರೆ ಚಳಿಗಾಲ ಬಂತೆಂದರೆ ಪಟ್ಟೆತಲೆ ಹೆಬ್ಬಾತುಗಳು ಇಲ್ಲಿಗೆ ಸಾವಿರಗಟ್ಟಲೆ ಬಂದು ಇಳಿಯುತ್ತವೆ. ಬಿಳಿ ತಲೆ, ಹಿಂದಲೆಯ ಮೇಲೆ ಎರಡು ಕಪ್ಪು ಗೀರು. ಮಂಗೋಲಿಯಾ, ಟಿಬೆಟ್ ಕಡೆಯ ಹಕ್ಕಿ. ಹಿಮಾಲಯ ದಾಟುವಾಗ 7,000 ಮೀಟರ್‌ಗಿಂತ ಮೇಲೂ ಹಾರಿದ್ದನ್ನು ಅಳೆದಿದ್ದಾರೆ. ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ಹಾಕಿದ ಬಾತುಗಳು ನಮ್ಮ ರಾಜ್ಯದ ಕೆರೆಗಳಲ್ಲಿ ಸಿಕ್ಕಿವೆ. 2024ರಲ್ಲಿ ಮಾಗಡಿ ಕೆರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು, ಅಂಕಸಮುದ್ರ ಮತ್ತು ಅಘನಾಶಿನಿಯ ಜೊತೆ. ಅದಕ್ಕೂ ಮೊದಲು, 2022ರಲ್ಲಿ, ನಮ್ಮ ರಾಜ್ಯದಿಂದ ಮೊದಲು ಸೇರಿದ್ದು ರಂಗನತಿಟ್ಟು. ಇಷ್ಟನ್ನೂ ಕಾರಿನಲ್ಲಿ ಹುಡುಗಿಗೂ ಅವಳ ಇಬ್ಬರು ಗೆಳತಿಯರಿಗೂ ಹೇಳಿದೆ. ಪಾಪ, ಬೆಳಗಿನ ಐದು ಗಂಟೆಯ ನಿದ್ದೆಯಲ್ಲೂ ತಲೆ ಆಡಿಸುತ್ತಿದ್ದರು.

ನಮ್ಮ ಜೊತೆ ಇನ್ನೊಬ್ಬರಿದ್ದರು. ಹುಡುಗಿಯ ಪರಿಚಯದವರು, ಮೊಣಕೈ ಉದ್ದದ ಲೆನ್ಸ್‌ನವರು. ಅವರ ಬಗ್ಗೆ ಹೇಳಬಾರದು ಅಂದುಕೊಂಡಿದ್ದೆ, ಆದರೂ ಹೇಳುತ್ತೇನೆ. ಅವರಿಗೆ ಹಕ್ಕಿ ಅಂದರೆ ನಂಬರು. ಕೆರೆಗೆ ಬಂದು ಮುಕ್ಕಾಲು ಗಂಟೆಯಲ್ಲಿ "ಇಲ್ಲಿ ಮುಗೀತು, ನನಗೆ ಹೊಸದೇನೂ ಇಲ್ಲ" ಎಂದರು. ಮೂರು ಸಾವಿರ ಮೈಲಿಯಿಂದ ಬಂದ ಹಕ್ಕಿಯೇನಾದರೂ ಇವರನ್ನು ನೋಡಿ "ಇಲ್ಲಿ ಹೊಸದೇನೂ ಇಲ್ಲ" ಅಂದಿದ್ದರೆ? ಜಾಲಿಯ ಪೊದೆಯೊಳಗಿನ ಯಾವುದೋ ಸಣ್ಣ ಹಕ್ಕಿಯನ್ನು ಹೊರಗೆ ಕರೆಸಲು ಮೊಬೈಲಿನಲ್ಲಿ ಅದರದೇ ಕೂಗು ಹಾಕಿದರು. ಅದು ಬೆದರಿ ಇನ್ನೂ ಒಳಗೆ ಹೋಯಿತು. ನನಗೆ ಮೈ ಉರಿಯಿತು. ಆದರೆ ಬಾಯಿ ಬಿಡುವ ಹಕ್ಕು ನನಗಿಲ್ಲ. ದರೋಜಿಯಲ್ಲಿ ಒಂದು ಚಿಟ್ಟುಕೋಳಿಗಾಗಿ ನಾನೂ ಒಮ್ಮೆ ಇದನ್ನೇ ಮಾಡಿದ್ದೆ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಆ ಹೊತ್ತಿಗೇ ದುರ್ಬೀನು ತಿರುಗಿಸಿದ ಆ ಯಜಮಾನರು ಬಂದದ್ದು. ಹೆಗಲ ಮೇಲೆ ಟವೆಲು, ಕೈಯಲ್ಲಿ ಒಂದು ಎಣ್ಣೆ ಡಬ್ಬಿ, ಒಂದು ಕೋಲು. ಡಬ್ಬಿಯ ತಳ ಬಡಿದು ಬಡಿದು ನುಗ್ಗಾಗಿತ್ತು. ಕಣ್ಣು ಕೆಂಪಗಿದ್ದವು. ರಾತ್ರಿಯೆಲ್ಲ ಹೊಲದಲ್ಲಿದ್ದು ಈಗ ಮನೆಗೆ ಹೊರಟಿದ್ದರು. ಈ ಬಾತುಗಳು ಹಗಲೆಲ್ಲ ಕೆರೆಯಲ್ಲಿ ಆರಾಮಾಗಿ ತೇಲಿಕೊಂಡಿರುತ್ತವೆ. ಕತ್ತಲಾಗುವ ಹೊತ್ತಿಗೆ ಎದ್ದು ಹೊಲಗಳಿಗೆ ಹೋಗುತ್ತವೆ. ಶೇಂಗಾ ಆಗಲಿ, ಕಡಲೆಯ ಎಳೆ ಚಿಗುರಾಗಲಿ, ತಿಂದು ಬೆಳಗ್ಗೆ ವಾಪಸ್. ಇದು ನನಗೆ ಗೊತ್ತಿತ್ತು. ನನ್ನ ಪಟ್ಟಿಯಲ್ಲಿ ನಾನೇ ಬರೆದಿದ್ದೆ: "ರಾತ್ರಿ ಹತ್ತಿರದ ಹೊಲಗಳಲ್ಲಿ ಮೇಯುತ್ತವೆ." ಹತ್ತಿರದ ಹೊಲ. ಯಾರ ಹೊಲ ಅಂತ ಬರೆಯುವ ಕಾಲಂ ಅದರಲ್ಲಿ ಇರಲಿಲ್ಲ.

ದುರ್ಬೀನು ವಾಪಸ್ ಕೊಟ್ಟ ಮೇಲೆ ಅವರು ನನ್ನ ಮುಖವನ್ನೇ ನೋಡಿದರು.

"ನೀವು ಬ್ಯಾಂಕಿನ ಸಾಹೇಬ್ರಲ್ಲೇನ್ರಿ?"

"ಹೌದು."

"ಅನಕೊಂಡೆ. ಮುಂಗಾರ ಮುಂದ ಬಂದಿದ್ನಿ ನಿಮ್ಮ ಕಡೆ." ಸ್ವಲ್ಪ ಹೊತ್ತು ಕೆರೆ ನೋಡಿದರು. ಆಮೇಲೆ ನಗುತ್ತಲೇ ಕೇಳಿದರು. "ಒಂದ್ ಮಾತು ಕೇಳ್ತೀನ್ರಿ. ಹಕ್ಕಿ ತಿಂದ್ರ ಸಾಲ ಮನ್ನಾ ಆಕ್ಕೈತೇನ್ರಿ?"

ಹುಡುಗಿಯರು ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಅವರೂ ನಕ್ಕರು. ಲೆನ್ಸ್‌ನವರು ಮಾತ್ರ ಗಂಭೀರವಾಗಿ, "ಇವು ಎಷ್ಟು ಅಪರೂಪದ ಪಕ್ಷಿಗಳು ಗೊತ್ತಾ? ನಿಮ್ಮೂರಿನ ಹೆಮ್ಮೆ ಇವು" ಎಂದರು.

"ಹೆಮ್ಮಿ ಐತ್ರಿ. ಇಲ್ಲ ಅಂದೋರ್ ಯಾರು? ನಮ್ಮಪ್ಪನೂ ಓಡಸ್ತಿದ್ದ, ನಾನೂ ಓಡಸ್ತೀನಿ. ಹೊಡಿಯಂಗಿಲ್ಲ ನಾವು. ಬರೇ ಡಬ್ಬಿ ಬಡೀತೀವಿ" ಎಂದರು. "ನಿಮಗ ನೋಡಾಕ ಬರ್ತಾವ, ನಮ್ಮಲ್ಲಿ ಉಣ್ಣಾಕ ಬರ್ತಾವ. ಇರ್ಲಿ ಬಿಡ್ರಿ, ಉಂಡು ಹೋಗ್ಲಿ. ಬೀಗರ ಗತೆ ನಾಕು ತಿಂಗಳು ಕುಂಡ್ರತಾವಲ್ರಿ, ಅದ ತ್ರಾಸು."

ಅಷ್ಟು ಹೇಳಿ ಡಬ್ಬಿ ಹಿಡಿದುಕೊಂಡು ಹೊರಟುಹೋದರು. ಸಿಟ್ಟಿರಲಿಲ್ಲ, ದೂರು ಇರಲಿಲ್ಲ. ಬೈದಿದ್ದರೆ ನನಗೆ ಸಲೀಸಾಗುತ್ತಿತ್ತು. ಕೌಂಟರಿನಲ್ಲಿ ಬೈಸಿಕೊಂಡು ನನಗೆ ಅಭ್ಯಾಸವಿದೆ.

ಆ ರಾತ್ರಿ ಪಟ್ಟಿ ಮತ್ತೆ ತೆಗೆದೆ. ತಿಂಡಿಯ ಜಾಗ ಸೇರಿಸೋಣ ಅಂತ ಕೂತಿದ್ದು. ಆದರೆ ಒಂದೊಂದು ಹೆಸರು ಓದಿದಾಗಲೂ ಹಕ್ಕಿಯ ಬದಲು ಮನುಷ್ಯರೇ ನೆನಪಾಗತೊಡಗಿದರು. ಅಲ್ಲಿ ನಿಂತಿದ್ದವರು, ನಾನು ನೋಡಿಯೂ ನೋಡದವರು.

ಕೊಕ್ಕರೆ ಬೆಳ್ಳೂರು. ಅಲ್ಲಿ ಪೆಲಿಕನ್ ಅನ್ನುವ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗೇ, ಮನೆ ಅಂಗಳದ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಮೀನಿನ ವಾಸನೆ, ಹಿಕ್ಕೆಯ ವಾಸನೆ. ಹಿಕ್ಕೆ ಬಿದ್ದ ಮರದಿಂದ ಹುಣಸೆ ಇಳಿಸಲು ಆಗುವುದಿಲ್ಲ, ಅದಕ್ಕೆ ಅರಣ್ಯ ಇಲಾಖೆ ಮರದ ಲೆಕ್ಕದಲ್ಲಿ ಪರಿಹಾರ ಕೊಡುತ್ತದೆ. ಗೂಡಿನಿಂದ ಬಿದ್ದ ಮರಿಗಳನ್ನು ಊರಿನ ಹೆಜ್ಜಾರ್ಲೆ ಬಳಗದವರು ಮೀನು ಕೊಟ್ಟು ಸಾಕುತ್ತಾರೆ. ಇದನ್ನೆಲ್ಲ ನಾನು ಬೇರೆಯವರಿಗೆ ಭಾಷಣದ ಹಾಗೆ ಹೇಳುತ್ತೇನೆ. ಆದರೆ ನೆನಪಾಗಿದ್ದು ಅಂಗಳ ಗುಡಿಸುತ್ತಿದ್ದ ಒಬ್ಬರು ತಾಯಿ. ನಾನು ಫೋಟೋಗೆ ಅಡ್ಡ ಬರುತ್ತಾರೆ ಅಂತ "ಅಮ್ಮಾ, ಒಂಚೂರು ಆಚೆ ಹೋಗ್ತೀರಾ" ಎಂದಿದ್ದೆ. ಅವರದೇ ಮನೆ, ಅವರದೇ ಅಂಗಳ. ಅವರು ಪೊರಕೆ ಹಿಡಿದು ಸುಮ್ನೆ ಆಚೆ ಹೋಗಿದ್ದರು.

ಅಘನಾಶಿನಿ. ಇಳಿತದ ಹೊತ್ತಿಗೆ ಕೆಸರು ಬಯಲು ತೆರೆದುಕೊಳ್ಳುತ್ತದೆ. ಉಲ್ಲಂಕಿ, ಬೆಳ್ಳಕ್ಕಿ, ಮೇಲೆ ಗರುಡ. ಅದೇ ಕೆಸರಿನಲ್ಲಿ ಸೊಂಟ ಬಗ್ಗಿಸಿ ಬಳಚು, ಅಂದರೆ ಚಿಪ್ಪುಮೀನು, ಹೆಕ್ಕುವ ಹೆಂಗಸರು. ಎಷ್ಟೋ ದಿನ ನಾನು ದಂಡೆಯಲ್ಲಿ ನಿಂತು, ಇವರು ಯಾವಾಗ ಏಳುತ್ತಾರೋ, ಹಕ್ಕಿ ಯಾವಾಗ ಹತ್ತಿರ ಬರುತ್ತವೋ ಅಂತ ಕಾದಿದ್ದೇನೆ. ನಿಜ ಏನೆಂದರೆ ಹಕ್ಕಿಗಳಿಗೆ ಅವರ ಹೆದರಿಕೆಯೇ ಇರಲಿಲ್ಲ. ನಾನು ಒಂದು ಹೆಜ್ಜೆ ಇಟ್ಟರೆ ಹಾರುತ್ತಿದ್ದವು. ಆಗ ಅವರಲ್ಲೊಬ್ಬರು ಏನೋ ಹೇಳುತ್ತಿದ್ದರು, ಉಳಿದವರು ನಗುತ್ತಿದ್ದರು. ಏನು ಹೇಳಿದ್ದರೋ.

ದಾಂಡೇಲಿ. ಅಲ್ಲಿನ ಮರದ ಡಿಪೋದಲ್ಲಿ ಮಂಗಟ್ಟೆ, ಅಂದರೆ ಹಾರ್ನ್‌ಬಿಲ್, ನೋಡಲು ಹೋಗಿದ್ದೆ. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಕೂತು, ಒಂದು ಸೀಳು ಬಿಟ್ಟು ಪೊಟರೆಯ ಬಾಯಿಯನ್ನು ಮೆತ್ತಿಕೊಳ್ಳುತ್ತದೆ, ಗಂಡು ತಿಂಗಳುಗಟ್ಟಲೆ ಹಣ್ಣು ತಂದು ಸೀಳಿನಲ್ಲಿ ಕೊಡುತ್ತದೆ. ಅಲ್ಲಿ ಮರ ಎತ್ತುವ ಆಳುಗಳಿಗೆ ಗಂಡು ಬರುವ ಹೊತ್ತು ಗಡಿಯಾರದ ಹಾಗೆ ಗೊತ್ತು. ಪಟ್ಟಿಯಲ್ಲಿ ಆ ಸಮಯವನ್ನು ನಾನೇ ಕಂಡುಹಿಡಿದವನ ಹಾಗೆ ಬರೆದಿದ್ದೇನೆ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಸಿರುಗುಪ್ಪ. ಬಳ್ಳಾರಿ ಜಿಲ್ಲೆಯ ಆ ಎರೆ ಬಯಲಿನಲ್ಲಿ ಎರ್ಲಡ್ಡು, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಇನ್ನೂ ಉಳಿದಿದೆ ಅಂತ ಗೊತ್ತಾಗಿ ಮೂರು ಸಲ ಹೋಗಿದ್ದೆ. ಮೂರು ಸಲವೂ ಕಾಣಲಿಲ್ಲ. ಇಡೀ ದೇಶದ ಬಯಲುಗಳಲ್ಲೇ ಇನ್ನೂರು ಉಳಿದಿಲ್ಲದ ಹಕ್ಕಿ ಅದು. ಸಾಮಾನ್ಯವಾಗಿ ಇಡುವುದೇ ಒಂದು ಮೊಟ್ಟೆ, ಅದೂ ಬಯಲು ನೆಲದ ಮೇಲೆ. ರಾಣೆಬೆನ್ನೂರಿನ ಅಭಯಾರಣ್ಯ 1974ರಲ್ಲಿ ಆದಾಗ ಕೃಷ್ಣಮೃಗದ ಜೊತೆ ಈ ಹಕ್ಕಿಯ ಹೆಸರೂ ಇತ್ತು. ಈಗ ಅಲ್ಲಿ ಕೃಷ್ಣಮೃಗ ಇದೆ, ಹಕ್ಕಿ ಇಲ್ಲ. ಸಿರುಗುಪ್ಪದಲ್ಲಿ ಒಬ್ಬ ರೈತರನ್ನು ಕೇಳಿದ್ದೆ, ಎಲ್ಲಿ ಕಾಣುತ್ತದೆ ಅಂತ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮೊದ್ಲು ಇದ್ವು. ಈಗ ಇಲ್ಲ ಸಾರ್" ಎಂದಿದ್ದರು. ಸುಳ್ಳು ಅಂತ ಆಗಲೇ ಅನ್ನಿಸಿತ್ತು. ಇದ್ದದ್ದನ್ನು ಹೇಳಿದರೆ ನನ್ನಂಥವರು ಬರುತ್ತಾರೆ. ನನ್ನ ಹಿಂದೆ ಅರಣ್ಯ ಇಲಾಖೆಯ ಜೀಪು ಬರುತ್ತದೆ. ಜೀಪಿನ ಹಿಂದೆ ಇಲ್ಲಿ ಬೋರ್ ತೆಗೆಸಬೇಡಿ, ಬೇಲಿ ಹಾಕಬೇಡಿ ಎಂಬ ಮಾತು ಬರಬಹುದು. ಅವರ ಹೆದರಿಕೆ ಸರಿಯೋ ತಪ್ಪೋ, ಬೇರೆ ಮಾತು. ಆಗ ನಾನು ಮಾತ್ರ ಡೈರಿಯಲ್ಲಿ "ಸ್ಥಳೀಯರಿಗೆ ಅರಿವು ಕಮ್ಮಿ" ಎಂದು ಬರೆದಿದ್ದೆ. ಆ ಡೈರಿ ಈಗಲೂ ಇದೆ. ಆ ಸಾಲನ್ನು ಮೊನ್ನೆ ಎರಡು ಸಲ ಓದಿದೆ.

ಹಾಗಂತ ಬಾತು ಬೇಡ ಅನ್ನಲು ನನಗೆ ಆಗುತ್ತಾ? ಆಗಲ್ಲ. ಭಾನುವಾರ ಬೆಳಗ್ಗೆ ಹೊಲದ ಕಡೆಯಿಂದ ಅವು ಸಾಲುಸಾಲಾಗಿ, ಗುಂಪು ಗುಂಪಾಗಿ ಮಾತಾಡಿಕೊಳ್ಳುತ್ತ ಕೆರೆಗೆ ಇಳಿದದ್ದು ನೋಡಿ ಹುಡುಗಿಯರು ಮಾತು ಬಿಟ್ಟಿದ್ದರು. ನನಗೂ ಗಂಟಲು ಕಟ್ಟಿತ್ತು. ಅವುಗಳ ಹೊಟ್ಟೆಯಲ್ಲಿ ಯಾರ ಕಡಲೆ ಇತ್ತು ಅಂತ ಆಗ ಯೋಚನೆ ಬರಲಿಲ್ಲ, ಅಷ್ಟೇ. ಬೆಳೆ ಸಾಲದ ಅರ್ಜಿಯಲ್ಲಿ ಸರ್ವೆ ನಂಬರ್, ಎಕರೆ, ಗುಂಟೆ, ಬೆಳೆ, ಎಲ್ಲ ಕೇಳುತ್ತೇವೆ. ಪಕ್ಕದಲ್ಲಿ ಕೆರೆ ಇದೆಯಾ ಅಂತ ಕೇಳಿದರೆ ಅದು ನೀರಾವರಿಯ ಲೆಕ್ಕಕ್ಕೆ. ಸಾಹೇಬರಿಗೆ ಕೆರೆ ಅಂದರೆ ಒಂದೋ ನೀರು, ಇಲ್ಲವೇ ಹಕ್ಕಿ.

ನಿನ್ನೆ ಮಾಗಡಿಯ ಆ ಯಜಮಾನರು ಶಾಖೆಗೆ ಬಂದರು. ಸಾಲಕ್ಕಲ್ಲ, ಪಾಸ್‌ಬುಕ್ ಎಂಟ್ರಿಗೆ. ಕ್ಯೂನಲ್ಲಿ ನಿಂತವರು ನನ್ನನ್ನು ನೋಡಿ ಕೈ ಎತ್ತಿದರು. ನಾನು ಎದ್ದು ಹೋಗಿ ಒಳಗೆ ಕರೆದು ಕೂರಿಸಿ ಚಾ ತರಿಸಿದೆ. ಬ್ಯಾಂಕಿನಲ್ಲಿ ಮ್ಯಾನೇಜರು ತಾನಾಗಿ ಚಾ ತರಿಸಿದರೆ ಜನಕ್ಕೆ ಅನುಮಾನವೇ ಜಾಸ್ತಿ. ಕುರ್ಚಿಯ ತುದಿಯಲ್ಲೇ ಕೂತರು.

"ಅಂವ ನಿಮ್ಮ ದೊಡ್ಡ ಕ್ಯಾಮೆರಾದಾಂವ ಬಂದಿಲ್ಲೇನ್ರಿ?"

"ಅವರು ಹುಬ್ಬಳ್ಳಿಯವರು."

"ಭಾಳ ಅವಸರದ ಮನಷ್ಯಾ." ಒಂದು ಗುಟುಕು ಕುಡಿದು, ಮೆಲ್ಲಗೆ ಕೇಳಿದರು. "ಆ ಕಣ್ಣಿಗಿ ಹಚ್ಚೂದು ಎಷ್ಟಕ್ಕ ಬರತೈತ್ರಿ?"

ಹೇಳಿದೆ. ಹಾಗೇ ಬಸಿಯನ್ನು ಕೆಳಗಿಟ್ಟರು.

"ಏಳು ಸಾವಿರ? ಅದಕ್ಕೂ ಸಾಲ ಕೊಡ್ತೀರೇನ್ರಿ ಮತ್ತ?"

ಈ ಸಲ ನಾನೊಬ್ಬನೇ ನಕ್ಕೆ. ಆಮೇಲೆ, ಮುಂದಿನ ಭಾನುವಾರ ಬಂದು ನಿಮ್ಮ ಹೊಲ ನೋಡಬಹುದಾ ಎಂದು ಕೇಳಿದೆ. ಯಾಕೆ ಕೇಳಿದೆನೋ ಗೊತ್ತಿಲ್ಲ. ಹೊಲ ನೋಡಿ ನಾನು ಮಾಡುವುದೇನೂ ಇಲ್ಲ, ಬರೆದುಕೊಡುವ ಕಾಗದವೂ ನನ್ನ ಹತ್ತಿರ ಇಲ್ಲ. ಅವರು ಪಾಸ್‌ಬುಕ್ ಜೇಬಿಗಿಟ್ಟುಕೊಂಡು ಎದ್ದರು. ಬಾಗಿಲ ಹತ್ತಿರ ನಿಂತು ತಿರುಗಿದರು.

"ಬರ್ರಿ. ಆದ್ರ ಮುಂಜಾನಿ ಬರಬ್ಯಾಡ್ರಿ, ಆಗ ಅಲ್ಲೇನೂ ಇರಂಗಿಲ್ಲ. ಸಂಜಿ ಮುಂದ ಬರ್ರಿ, ಹೊತ್ತು ಮುಳುಗೂದ್ರಾಗ. ಉಣ್ಣಾಕ ಇಳೀತಾವಲ್ರಿ, ಆವಾಗ ನೋಡಬೇಕು. ಒಂದು ಬ್ಯಾಟ್ರಿ ತರ್ರಿ. ಡಬ್ಬಿ ನನ್ನ ಕಡೆ ಎರಡು ಅದಾವ."