ನಾವು ಕೇಳಿದ್ದು ಪಾಲು, ವಾಟ್ನಿಯಲ್ಲ

ಪಿಯು ಉತ್ತರಪತ್ರಿಕೆ ಮೌಲ್ಯಮಾಪನಕ್ಕೆ ಬೆಂಗಳೂರಿಗೆ ಹೋದಾಗಲೆಲ್ಲ ಮಧ್ಯಾಹ್ನದ ಊಟದ ಹೊತ್ತಿಗೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಸರ್, ನಿಮ್ಮ ಕಡೆಯವರಿಗೆ 371(ಜೆ) ಅಂತ ಬೇರೆ ಮೀಸಲಾತಿ, ಬೇರೆ ಮಂಡಳಿ, ಧ್ವಜ ಏರಿಸೋಕೂ ಬೇರೆ ದಿನ. ಒಂದೇ ದೇಶ ಅಂದಮೇಲೆ ಇದೆಲ್ಲ ಒಡಕಿನ ರಾಜಕೀಯ ಅಲ್ವಾ?" ನಮ್ಮ ಕಡೆ ಅಂದರೆ ಕಲಬುರಗಿ ವಿಭಾಗ, ಈಗಿನ ಕಲ್ಯಾಣ ಕರ್ನಾಟಕ; 371(ಜೆ) ಅಂದರೆ ಈ ಭಾಗದವರಿಗೆ ಸರ್ಕಾರಿ ನೌಕರಿಯಲ್ಲಿ, ಓದಿನ ಸೀಟುಗಳಲ್ಲಿ ಪಾಲು ಸಿಗುವಂತೆ ಮಾಡಿದ ಸಂವಿಧಾನದ ವಿಧಿ. ಕೇಳುವವರು ಮಂಡ್ಯ, ಹಾಸನದ ಮೇಷ್ಟ್ರುಗಳು, ನನ್ನ ಡಬ್ಬಿಯ ಶೇಂಗಾ ಹಿಂಡಿ ಹಂಚಿಕೊಂಡು ಉಣ್ಣುವ ಗೆಳೆಯರು. ಪ್ರತಿಸಲ ಅರ್ಧಂಬರ್ಧ ಹೇಳಿ ಕೈತೊಳೆಯಲು ಎದ್ದುಬಿಡುತ್ತೇನೆ. ರಾಜ್ಯಶಾಸ್ತ್ರ ಪಾಠ ಮಾಡುವ ನಾನೇ ಪೂರ್ತಿ ಹೇಳದಿದ್ದರೆ ಹೇಗೆ?

ಮೊದಲು ಧ್ವಜದ ಮಾತು. 1947ರ ಆಗಸ್ಟ್ 15ರಂದು ಕಲಬುರಗಿ, ಬೀದರ್, ಯಾದಗಿರಿ ಎಲ್ಲವೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಇನ್ನೂ 13 ತಿಂಗಳು ನಮ್ಮ ಹಿರಿಯರು ನಿಜಾಮರ ಪರ ನಿಂತ ಖಾಸಗಿ ಪಡೆಯವರಾದ ರಜಾಕಾರರ ಹಾವಳಿ ಉಂಡರು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ನಡೆದ ಕೊಲೆಗಳ ನೆನಪು ಇವತ್ತಿಗೂ ಮಾಸಿಲ್ಲ. ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಒಳಬಂತು, 17ಕ್ಕೆ ನಿಜಾಮರು ಸೋತರು. ಆಮೇಲೆ ಯಾವ ತಪ್ಪೂ ಮಾಡದ ಎಷ್ಟೋ ಮುಸ್ಲಿಂ ಮನೆಗಳ ಮೇಲೆ ಸೇಡು ಬಿತ್ತು, ಅದನ್ನೂ ನಾವು ಮುಚ್ಚಿಡಬಾರದು. ಸೆಪ್ಟೆಂಬರ್ 17 ಅಂದರೆ ನಾವು ಭಾರತಕ್ಕೆ ಸೇರಿದ ದಿನ. ಕಲಬುರಗಿಯಲ್ಲಿ ಅವತ್ತು ಮಾಲೆ ಬೀಳುವುದು ಸರ್ದಾರ್ ಪಟೇಲರ ಪ್ರತಿಮೆಗೆ. ಇದರಲ್ಲಿ ಒಡಕು ಎಲ್ಲಿದೆ ಹೇಳಿ.

ಇನ್ನು 371(ಜೆ). ನಮ್ಮ ಕಡೆ ಅಣ್ಣತಮ್ಮಂದಿರು ಹೊಲಮನೆ ಹಂಚಿಕೊಂಡು ಬೇರೆಯಾಗುವುದಕ್ಕೆ ವಾಟ್ನಿ ಅನ್ನುತ್ತಾರೆ. ಆದರೆ ಕೂಡಿದ ಮನೆಯಲ್ಲಿ ಕಿರಿಯ ಸೊಸೆ "ನನ್ನ ಮಗನಿಗೂ ಒಂದು ಲೋಟ ಹಾಲು ಬರಲಿ" ಅಂದರೆ ಅದು ವಾಟ್ನಿ ಅಲ್ಲ. ಆಕೆ ಆ ಮನೆಯಲ್ಲೇ ಇರಬೇಕೆಂದುಕೊಂಡಿದ್ದಾಳೆ, ಅದಕ್ಕೇ ಕೇಳುತ್ತಾಳೆ.

ಹಾಲು ಎಷ್ಟು ಕಡಿಮೆ ಬಿದ್ದಿತ್ತು ಎಂಬುದಕ್ಕೆ ಸರ್ಕಾರದ್ದೇ ಲೆಕ್ಕವಿದೆ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದಲ್ಲಿ ಅತ್ಯಂತ ಹಿಂದುಳಿದ ತಾಲ್ಲೂಕುಗಳು 39 ಎಂದಿತು. ಅದರಲ್ಲಿ 21 ನಮ್ಮ ವಿಭಾಗದವು. ಅರ್ಧಕ್ಕಿಂತ ಹೆಚ್ಚು! ಆದರೂ ಪ್ರದೇಶ ನೋಡಿ ನೌಕರಿಯಲ್ಲಿ ಪಾಲು ಕೊಡಲು ರಾಜ್ಯ ಸರ್ಕಾರಕ್ಕೆ ಬರುವುದಿಲ್ಲ. ಹುಟ್ಟಿದ ಊರು, ವಾಸದ ಊರು ನೋಡಿ ಸರ್ಕಾರಿ ನೌಕರಿಯಲ್ಲಿ ಭೇದ ಮಾಡಬಾರದೆಂದು ಸಂವಿಧಾನದ 16ನೇ ವಿಧಿ ಕಟ್ಟುನಿಟ್ಟಾಗಿ ಹೇಳುತ್ತದೆ. ಅದಕ್ಕೇ ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಡಿದ್ದು, ಮಲ್ಲಿಕಾರ್ಜುನ ಖರ್ಗೆ, ಧರ್ಮಸಿಂಗ್ ದೆಹಲಿಯಲ್ಲಿ ಬೆನ್ನುಹತ್ತಿದ್ದು. ಸಂಸತ್ತು 2012ರಲ್ಲಿ ಸಂವಿಧಾನಕ್ಕೆ 98ನೇ ತಿದ್ದುಪಡಿ ಮಾಡಿತು. ದೇಶದ ಎಲ್ಲ ಭಾಗದ ಸಂಸದರು ಕೂತು ಒಪ್ಪಿ ಕೊಟ್ಟ ಪಾಲು ಇದು. ವಿದರ್ಭ, ಮರಾಠವಾಡ, ಸೌರಾಷ್ಟ್ರ, ನಾಗಾಲ್ಯಾಂಡ್, ಮಿಜೋರಾಂ ಎಲ್ಲಕ್ಕೂ ಇದೇ 371ರ ಸಾಲಿನಲ್ಲಿ ಒಂದೊಂದು ಏರ್ಪಾಡಿದೆ. ಅವುಗಳಿಂದ ದೇಶ ಸಡಿಲಾಗಿಲ್ಲ. ಇಪ್ಪತ್ತು ವರ್ಷ ಬಂದೂಕು ಹಿಡಿದಿದ್ದ ಮಿಜೋ ನಾಯಕ ಲಾಲ್ಡೆಂಗಾ 1986ರ ಒಪ್ಪಂದದ ಮೇಲೆ ಭಾರತದ ಸಂವಿಧಾನದ ಕೆಳಗೇ ಮುಖ್ಯಮಂತ್ರಿಯಾದರು.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯ. 371(ಜೆ) ಪ್ರಮಾಣಪತ್ರ ಕೊಡುವಾಗ ಯಾರೂ ನಿಮ್ಮ ಮನೆಮಾತು ಕೇಳುವುದಿಲ್ಲ. ಔರಾದಿನಲ್ಲಿ ಮನೆಯೊಳಗೆ ಮರಾಠಿ ಆಡುವವರು, ಗುರುಮಠಕಲ್ಲಿನ ತೆಲುಗಿನವರು, ಕಲಬುರಗಿ ದರ್ಗಾದ ಸುತ್ತಿನ ದಖನಿ ಮಾತಿನವರು, ತಾಂಡಾದವರು, ಎಲ್ಲರಿಗೂ ಅದೇ ಕಾಗದ. ನೋಡುವುದು ಇಲ್ಲಿ ಹುಟ್ಟಿದ್ದಾರಾ, ಇಲ್ಲವೇ ಕಾಯ್ದೆ ಬರುವ ಮುಂಚೆ 10 ವರ್ಷ ಇಲ್ಲಿ ನೆಲೆಸಿದ್ದರಾ ಎಂಬಂಥದ್ದನ್ನು.

ಹಾಗಾದರೆ ಒಡಕಿನ ಪ್ರಾದೇಶಿಕ ರಾಜಕೀಯ ಇಲ್ಲವೇ ಇಲ್ಲವೆ? ಇದೆ, ನಮ್ಮೂರಲ್ಲೂ ಇದೆ. ನವೆಂಬರ್ 1 ಬಂದರೆ ಪ್ರತ್ಯೇಕ ರಾಜ್ಯದ ಬಾವುಟ ಹಿಡಿದು ಕೆಲವರು ಬರುತ್ತಾರೆ, ಪೊಲೀಸರು ವ್ಯಾನಿಗೆ ಹತ್ತಿಸುತ್ತಾರೆ. ಅವರ ಸಿಟ್ಟು ನನಗೆ ಗೊತ್ತು, ದಾರಿ ಮಾತ್ರ ಒಪ್ಪಲಾರೆ. ಅದಕ್ಕಿಂತ ಹೆಚ್ಚು ನನಗೆ ಹೆದರಿಕೆ ಬರುವುದು ಸರ್ಕಾರವನ್ನು ಬಿಟ್ಟು ಪಕ್ಕದ ಕೂಲಿಯವನ ಕಡೆ ಬೆರಳು ತಿರುಗಿದಾಗ. 1966ರಲ್ಲಿ ಹುಟ್ಟಿದ ಶಿವಸೇನೆ ಮುಂಬೈಯಲ್ಲಿ ದಕ್ಷಿಣದವರ ವಿರುದ್ಧ ಕೂಗೆಬ್ಬಿಸಿದಾಗ ನಮ್ಮ ಉಡುಪಿ ಹೋಟೆಲಿನವರೂ ಏಟು ತಿಂದರು. ಹರಿಯಾಣ ಖಾಸಗಿ ನೌಕರಿಯಲ್ಲಿ ಸ್ಥಳೀಯರಿಗೆ 75 ಪ್ರತಿಶತ ಎಂದು ಮಾಡಿದ ಕಾಯ್ದೆಯನ್ನು 2023ರಲ್ಲಿ ಹೈಕೋರ್ಟ್ ರದ್ದು ಮಾಡಿತು. ಮರುವರ್ಷ ಜುಲೈನಲ್ಲಿ ನಮ್ಮ ರಾಜ್ಯದ ಸಂಪುಟವೇ ಅಂಥದ್ದೊಂದು ಮಸೂದೆಗೆ ಒಪ್ಪಿಗೆ ಕೊಟ್ಟು, ಗದ್ದಲವೆದ್ದ ಮೇಲೆ ತಡೆಹಿಡಿಯಿತು.

ಆ ವಾರ ನನ್ನ ತರಗತಿಯ ವಾಟ್ಸಾಪ್ ಗುಂಪಿಗೆ ಒಬ್ಬ ಹುಡುಗ ಒಂದು ಸಂದೇಶ ಹಾಕಿದ್ದ. ವಾಡಿ, ಸೇಡಂ ಸಿಮೆಂಟ್ ಕಾರ್ಖಾನೆಗಳಲ್ಲಿರುವ ಬಿಹಾರದವರನ್ನು ಓಡಿಸಬೇಕು ಅಂತ. ಮರುದಿನ ಪಾಠ ಬದಿಗಿಟ್ಟು ಕೇಳಿದೆ: "ಯಾರ್ಯಾರ ಮನಿಯವ್ರು ಪುಣಾ, ಬೊಂಬಾಯಿ, ಹೈದರಾಬಾದಿನಾಗ ದುಡ್ಯಾಕ ಹೋಗ್ಯಾರ, ಕೈ ಎತ್ರಿ." ಕೈ ಎತ್ತದೆ ಉಳಿದವರನ್ನು ಎಣಿಸುವುದೇ ಸುಲಭವಿತ್ತು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು ಹೇಳಿದಳು: "ಅಪ್ಪ ಅವ್ವ ಪುಣಾದಾಗ ಅದಾರ್ರಿ ಸರ. ಅಲ್ಲಿ ಹೊರಗಿನವ್ರಂತ ಬಾಡಗಿ ಮನಿ ಕೊಡಲಿಲ್ಲಂತ್ರಿ. ಕಟ್ಟಾಕ ಹತ್ತಿದ ಬಿಲ್ಡಿಂಗಿನ ತಳಗ ತಗಡ ಹಾಕ್ಕೊಂಡು ಇರ್ತಾರ್ರಿ." ದೀಪಾವಳಿ ಆದಮೇಲೆ ಯಾದಗಿರಿ ಸ್ಟೇಷನ್ನಿನಲ್ಲಿ ಇಂಥವರನ್ನೇ ನೋಡುತ್ತೇನೆ. ಜೋಳದ ಹಿಟ್ಟಿನ ಚೀಲ, ಬಟ್ಟೆಯಲ್ಲಿ ಕಟ್ಟಿದ ಕಟಕ್ ರೊಟ್ಟಿ, ಕೊಡದೊಳಗೆ ಭಾಂಡೆ, ಕಂಕುಳಲ್ಲಿ ಕೂಸು. ಉದ್ಯಾನ್ ಎಕ್ಸ್‌ಪ್ರೆಸ್ ಆ ಕಡೆ ಮುಂಬೈಗೂ ಈ ಕಡೆ ಬೆಂಗಳೂರಿಗೂ ಇವರನ್ನೇ ಒಯ್ಯುತ್ತದೆ. ಬೆಂಗಳೂರಿನಲ್ಲಿ ನನ್ನ ಮಾತು ಕೇಳಿಯೇ "ನೀವು ಆಂಧ್ರದವರಾ?" ಅಂದವರಿದ್ದಾರೆ. ಹೊರಗಿನವನಾಗಲು ರಾಜ್ಯದ ಗಡಿ ದಾಟಲೇಬೇಕೆಂದಿಲ್ಲ.

ಸಂದೇಶ ಹಾಕಿದ್ದ ಹುಡುಗನೂ ಕೈ ಎತ್ತಿದ್ದ. ಅವನಣ್ಣ ಮುಂಬೈಯಲ್ಲಿ ಗೋಡೆಗೆ ಗಿಲಾವು ಮಾಡುವ ಕೆಲಸಕ್ಕಿದ್ದಾನೆ. ನಾನು ಅವನನ್ನು ಬೈಯಲಿಲ್ಲ. ಊರಲ್ಲೇ ಕೆಲಸ ಸಿಗದಿದ್ದಕ್ಕೆ ಅವನಿಗೆ ಬಂದ ಸಿಟ್ಟು ಸುಳ್ಳಲ್ಲ, ಕಲಬುರಗಿ ವಿಭಾಗದಲ್ಲಿ ಖಾಲಿ ಬಿದ್ದ ಹುದ್ದೆ ತುಂಬಿ ಅಂತ ಅವನು ಕೂಗಲಿ, ನಾನೂ ಜೊತೆಗೆ ನಿಲ್ಲುತ್ತೇನೆ ಅಂದೆ.

ಸಂಜೆ ಅವನು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. "ಸರ, 371(ಜೆ) ಸರ್ಟಿಫಿಕೇಟಿಗೆ ಯಾವ್ಯಾವ ಕಾಗದ ಬೇಕ್ರಿ? ನಾಡಕಚೇರಿಗೆ ಎರಡ ಸಲ ಹೋಗಿ ಬಂದೀನ್ರಿ." ವ್ಯಾಸಂಗ ಪ್ರಮಾಣಪತ್ರ, ರೇಷನ್ ಕಾರ್ಡು, ಆಧಾರ್ ಎಂದು ಅವನ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದುಕೊಟ್ಟೆ.